ವಾಲ್ಟರನ ಕೆಮ್ಮು

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ನಾನು ನಗುತ್ತಿದ್ದವನು. ಮನಸ್ಸಿನ ಭ್ರಮೆ ಎಂದು ಒಂದೇ ಮಾತಿಗೆ ತಳ್ಳಿಹಾಕುತ್ತಿದ್ದೆ. ನೀವೂ ನನ್ನ ಮಾತನ್ನು ಹಾಗೆ ತಳ್ಳಿಹಾಕಿದರೆ ಬೇಸರವಿಲ್ಲ.

ನಾವಿರುವ ಹೊರದೇಶದ ಬಡಾವಣೆ ಎರಿನ್ ಮಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಾರ್ಗರೆಟ್ ಎಂಬ ತೊಂಬತ್ತು ದಾಟಿದ ಅಜ್ಜಿ ಇದ್ದರು. ಅವರ ಅಣ್ಣ ವಾಲ್ಟರ್ ಎರಡನೇ ಮಹಾಯುದ್ಧಕ್ಕೆ ಹೋಗುವ ಮೊದಲು ಒಂದು ಸಣ್ಣ ಡಾನ್ಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದನಂತೆ. ಆಗ ಎಲ್ಲರ ಬಾಯಲ್ಲೂ ಇದ್ದ ಒಂದು ಹಾಡನ್ನು ಅವರ ಬ್ಯಾಂಡೂ ರೆಕಾರ್ಡ್ ಮಾಡಿತ್ತು. ಅಣ್ಣ ಯುದ್ಧದಿಂದ ಹಿಂದಿರುಗಲಿಲ್ಲ. ಅವನದೆಂದು ಉಳಿದದ್ದು ಆ ಒಂದು ಕರಿ ಗ್ರಾಮಫೋನ್ ತಟ್ಟೆ. ಅದನ್ನು ಫೋನಿಗೆ ಹಾಕಿಕೊಡು ಎಂದು ಅಜ್ಜಿ ನನ್ನ ಕೈಗೆ ಕೊಟ್ಟರು.

ತಟ್ಟೆಗೆ ಬೂಷ್ಟು ಹಿಡಿದಿತ್ತು, ತೊಳೆದೆ. ಚಳಿಗಾಲದಲ್ಲಿ ನಮ್ಮ ಮನೆಯ ಸಂಡಿಗೆ ಒಣಗುವುದು ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿಯ ಮೇಲೆ. ಇದನ್ನೂ ಅಲ್ಲೇ ಇಟ್ಟೆ. ಸಂಜೆಯ ಹೊತ್ತಿಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ನೆಟ್ಟಗೆ ಮಾಡಲು ಹೋಗಿ ಎರಡು ಹೋಳು ಮಾಡಿದೆ.

"ರೀ, ಹೋಗಿ ನಿಜ ಹೇಳ್ಬಿಡಿ. ಬೈದ್ರೆ ಬೈಸ್ಕೊಳ್ಳಿ," ಎಂದಳು ಹೆಂಡತಿ.

ಧೈರ್ಯ ಸಾಲಲಿಲ್ಲ. ಸಿನಿಮಾ ಹಾಡು ಕೇಳಿ ಬೆಳೆದ ನನಗೆ ಒಂದು ಹಾಡಿಗೆ ಒಂದೇ ರೆಕಾರ್ಡು ಎಂಬ ನಂಬಿಕೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಆ ಹಾಡನ್ನು ಹತ್ತಾರು ಬ್ಯಾಂಡುಗಳು ತಮ್ಮ ತಮ್ಮಂತೆ ನುಡಿಸಿದ್ದವು. ವಾಲ್ಟರನ ಬ್ಯಾಂಡಿನದು ಮಾತ್ರ ಸಿಗಲಿಲ್ಲ. ಬೇರೊಂದನ್ನು ಇಳಿಸಿಕೊಂಡೆ. ಅದರಲ್ಲಿ ಕ್ಲಾರಿನೆಟ್ಟೇ ಇಲ್ಲ, ನಡುವೆ ಬರುವುದು ಟ್ರಂಪೆಟ್. ಅಜ್ಜಿಗೆ ಕಿವಿ ಮಂದ, ಎಲ್ಲಿ ಗೊತ್ತಾಗುತ್ತದೆ ಎಂದುಕೊಂಡೆ. ಹಾಗೆ ಯೋಚಿಸಿದ್ದಕ್ಕೆ ಇವತ್ತೂ ನಾಚಿಕೆಯಾಗುತ್ತದೆ.

ಭಾನುವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಹಾಡು ಹಾಕಿದೆ. ಟ್ರಂಪೆಟ್ ಬರಬೇಕಾದ ಜಾಗದಲ್ಲಿ ಕ್ಲಾರಿನೆಟ್ ಬಂತು. ಮೆಲ್ಲಗೆ ಏರಿತು, ಒಂದು ಸ್ವರ ತಪ್ಪಿತು, ಹಿಂದೆಯೇ ಯಾರೋ ತಡೆಹಿಡಿದು ಕೆಮ್ಮಿದರು. ನನಗೂ ಕೇಳಿಸಿತು. ಫೋನಿನ ತೆರೆ ನೋಡಿದೆ, ಓಡುತ್ತಿದ್ದುದು ನಾನು ಇಳಿಸಿಕೊಂಡ ಹಾಡೇ.

ಅಜ್ಜಿ ಅಳುತ್ತಾ ನಕ್ಕರು. "ವಾಲ್ಟರ್! ಅವತ್ತು ಅವನಿಗೆ ನೆಗಡಿ. ಆ ಕೆಮ್ಮಿಗೆ ಆಮೇಲೆ ಎಷ್ಟು ಬೈಸಿಕೊಂಡ ಗೊತ್ತಾ? ಇನ್ನೊಂದು ಸಲ ಹಾಕು."

ಎರಡನೇ ಸಲ ಟ್ರಂಪೆಟ್ ಬಂದು ನನ್ನ ಸುಳ್ಳು ಬಯಲಾದರೆ? ಬ್ಯಾಟರಿ ಮುಗಿಯಿತು ಎಂದು ಫೋನನ್ನು ಜೇಬಿಗೆ ಹಾಕಿಕೊಂಡೆ. ಅವರು ನನ್ನ ಕೈ ಹಿಡಿದು, "ಪರವಾಗಿಲ್ಲ, ನಾಳೆ ಬಾ," ಎಂದರು.

ಮನೆಗೆ ಬಂದು ಅದೇ ಹಾಡನ್ನು ಹಾಕಿದೆ. ಟ್ರಂಪೆಟ್ಟೇ ಇತ್ತು. ಆಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಕೆಮ್ಮು ಮತ್ತೆ ಬಂದಿಲ್ಲ. ಹೇಗಾಯಿತೆಂದು ನನಗೆ ತಿಳಿಯದು. ಮಾರನೆಯ ದಿನ ನಾನು ಹೋಗಲಿಲ್ಲ, ಕೆಲಸದ ನೆಪ ಹೇಳಿದೆ. ಆ ವಾರದಲ್ಲೇ ಅಜ್ಜಿ ತೀರಿಕೊಂಡರು. ಅವರ ಎದುರಿಗೆ ಹಾಕಿದ್ದರೆ ವಾಲ್ಟರ್ ಇನ್ನೊಂದು ಸಲ ನುಡಿಸುತ್ತಿದ್ದನೇನೋ. ಅವರು ಹಾಕು ಎಂದು ಕೇಳಿದರು, ನಾನು ಹಾಕಲಿಲ್ಲ.