ಚೆಂದದ ಬಕಲ್ಲು

ನನಗೊಂದು ಕೆಟ್ಟ ಅಭ್ಯಾಸವಿದೆ. ಕೊಂಡಿ ಇರುವ ಯಾವ ವಸ್ತು ಕೈಗೆ ಸಿಕ್ಕರೂ ಅದನ್ನು ಒಮ್ಮೆ ಹಾಕಿ, ಒಮ್ಮೆ ಎಳೆದು, ‘ಟಕ್’ ಎಂಬ ಶಬ್ದ ಸರಿಯಾಗಿ ಬಂತೇ ಎಂದು ಕಿವಿಗೊಟ್ಟು ಕೇಳದ ಹೊರತು ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಚಪ್ಪಲಿಯ ಪಟ್ಟಿ, ಕೈಗಡಿಯಾರದ ಪಟ್ಟಿ, ನೆರೆಮನೆಯ ಮಗುವಿನ ಶಾಲೆಯ ಚೀಲ, ಮದುವೆಮನೆಯಲ್ಲಿ ಪಕ್ಕದ ಕುರ್ಚಿಯ ಅಪರಿಚಿತರ ಕೈಚೀಲ, ಯಾವುದೂ ನನ್ನ ತನಿಖೆಯಿಂದ ತಪ್ಪಿಸಿಕೊಂಡಿಲ್ಲ. ಕೊನೆಯದರ ವಿಷಯದಲ್ಲಿ ಒಮ್ಮೆ ಸಣ್ಣದೊಂದು ಮಾನಹಾನಿಯೂ ಆಯಿತು; ಚೀಲದ ಒಡತಿ ನನ್ನನ್ನು ಏನೆಂದು ತಿಳಿದರೋ, ಊಟದ ಪಂಕ್ತಿಯಲ್ಲಿ ನನ್ನಿಂದ ಆರು ಎಲೆ ದೂರ ಹೋಗಿ ಕುಳಿತರು. ಅಂದಿನಿಂದ ನನ್ನ ಹೆಂಡತಿ ವಿಶಾಲು ಸಭೆ ಸಮಾರಂಭಗಳಲ್ಲಿ ನನ್ನ ಬಲಗೈಗೊಂದು ತೆಂಗಿನಕಾಯಿ ಕೊಟ್ಟು ಕೂರಿಸುವ ರೂಢಿ ಮಾಡಿಕೊಂಡಿದ್ದಾಳೆ.

ಈ ವ್ಯಸನ ನನ್ನ ವೃತ್ತಿಯಿಂದ ಅಂಟಿದ್ದು. ಪೀಣ್ಯದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ, ಎಡಕ್ಕೆ ಪಂಪಿನ ಕಾರ್ಖಾನೆ ಬಲಕ್ಕೆ ಬಣ್ಣದ ಕಾರ್ಖಾನೆ ಇರುವ ಜಾಗದಲ್ಲಿ, ವಿಮಾನದ ಸೀಟಿನ ಬೆಲ್ಟಿಗೆ ಹಾಕುವ ಬಕಲ್ಲುಗಳು ತಯಾರಾಗುತ್ತವೆ. ಅವನ್ನು ಪರೀಕ್ಷಿಸಿ, ಬೆನ್ನಿಗೆ ‘೧೭’ ಎಂಬ ನನ್ನ ಮುದ್ರೆಯೊತ್ತಿ, ಲೋಕಕ್ಕೆ ಬಿಡುವವನು ನಾನು. ಮೋಡಗಳ ಮೇಲೆ ಕುಳಿತು ಕಾಫಿ ಹೀರುವ ಎಷ್ಟೋ ಮಹನೀಯರು ತಮಗೆ ಅರಿವಿಲ್ಲದಂತೆಯೇ ಹೊಟ್ಟೆಯ ಮೇಲೆ ನನ್ನನ್ನು ಹೊತ್ತು ಸಾಗುತ್ತಾರೆ. ನಾನು ಪಾಸು ಮಾಡಿದ್ದು ಆಕಾಶದಲ್ಲಿ ಹಾರುತ್ತದೆ. ನಾನು ಮಾತ್ರ ಪಾಸು ತೋರಿಸಿ ಬಸ್ಸಿನಲ್ಲಿ ನೇತಾಡುತ್ತೇನೆ.

ವಿಮಾನ ಹತ್ತಬೇಕೆಂಬ ಆಸೆ ಮೊದಲು ಹುಟ್ಟಿದ್ದು ನನಗಲ್ಲ, ವಿಶಾಲುವಿಗೆ. ಬಾಗಲಗುಂಟೆಯಲ್ಲಿ ನಮ್ಮ ಬಾಡಿಗೆ ಮನೆಯ ತಾರಸಿಯಿಂದ ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಕಾರ್ಖಾನೆಗಳ ಚಿಮಣಿ, ಮಿಕ್ಕ ಕಡೆಯೆಲ್ಲ ಧಾರಾಳವಾದ ಆಕಾಶ ಕಾಣುತ್ತದೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದವಳು ವಿಮಾನದ ಸದ್ದು ಕೇಳಿದರೆ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು, ಅದು ಚುಕ್ಕೆಯಾಗಿ ಕರಗುವವರೆಗೂ ನಿಂತು ನೋಡುತ್ತಾಳೆ. “ರೀ, ಅದರೊಳಗೆ ಕೂತೋರಿಗೆ ನಮ್ಮ ಬಟ್ಟೆ ಕಾಣತ್ತಾ?” ಎಂದು ಒಮ್ಮೆ ಕೇಳಿದಳು. ನಾನು ಬಹುಶ್ರುತನಂತೆ ತಲೆಯಾಡಿಸಿ, “ಒಂದಿನ ಹೋಗೋಣ ಕಣೇ, ನೀನೇ ನೋಡುವೆಯಂತೆ. ಒಳ್ಳೇ ಕಾಲ ಬರಲಿ,” ಎಂದೆ. ಆ ಒಳ್ಳೆಯ ಕಾಲಕ್ಕೆ ನಾನು ಹನ್ನೊಂದು ವರ್ಷ ಕಾದೆ.

ಕಾಯಲು ನನಗೆ ಕಾರಣಗಳ ಕೊರತೆಯೇನೂ ಇರಲಿಲ್ಲ. ಎಲ್ಲಿಯೋ ವಿಮಾನ ಬಿತ್ತೆಂದು ಪತ್ರಿಕೆಯಲ್ಲಿ ಬಂದ ದಿನ ನಮ್ಮ ಮನೆಯ ಯಜಮಾನರಾದ ಚಿಕ್ಕಮುನಿಯಪ್ಪನವರು ಹಾಲಿನ ಕ್ಯಾನುಗಳ ಜೊತೆಗೆ ತಮ್ಮ ಅಭಿಪ್ರಾಯವನ್ನೂ ಹೊತ್ತು ಬರುತ್ತಿದ್ದರು. “ಬಸ್ಸು ಬಿದ್ರೆ ಅಳ್ಳಕ್ಕೆ ಬೀಳ್ತದೆ ಸಾಮಿ, ಎದ್ದು ಬರ್ಬೋದು. ಇಮಾನ ಬಿದ್ರೆ ಇಡ್ಕೊಳ್ಳಾಕೆ ಏನೈತೆ?” ಎಂಬುದು ಅವರ ಸಿದ್ಧಾಂತ. ಇದನ್ನು ಉಪದೇಶಿಸಿದ ಮಹಾನುಭಾವರು ಮರುಕ್ಷಣವೇ ಮೊಪೆಡ್ಡಿನ ಮೇಲೆ ಎರಡು ಕ್ಯಾನು, ಒಂದು ಹುಲ್ಲಿನ ಹೊರೆ ಮತ್ತು ಧರ್ಮಪತ್ನಿಯನ್ನು ಏರಿಸಿಕೊಂಡು, ತುಮಕೂರು ರಸ್ತೆಯ ಲಾರಿಗಳ ನಡುವೆ ನಿರ್ಭಯರಾಗಿ ನುಗ್ಗುತ್ತಿದ್ದರು. ನಗಬೇಡಿ, ನಾನೂ ಅದೇ ರಸ್ತೆಯಲ್ಲಿ ಬ್ರೇಕು ಹಿಡಿಯದ ಸೈಕಲ್ಲು ತುಳಿಯುತ್ತಾ, ವಿಮಾನಯಾನದ ಅಪಾಯಗಳ ಕುರಿತು ಗಂಭೀರವಾಗಿ ಚಿಂತಿಸಿದವನೇ. ಮನುಷ್ಯ ದಿನಾ ನೋಡುವ ಸಾವಿಗೆ ಹೆದರುವುದಿಲ್ಲ, ಪತ್ರಿಕೆಯಲ್ಲಿ ಓದಿದ ಸಾವಿಗೆ ಹೆದರುತ್ತಾನೆ.

ಹಾಗೆ ನೋಡಿದರೆ ನನಗೆ ಚಿಕ್ಕಮುನಿಯಪ್ಪನವರಿಗಿಂತ ಹೆಚ್ಚು ತಿಳಿದಿರಬೇಕಾಗಿತ್ತು. ಬಕಲ್ಲು ಕೊಳ್ಳುವವರ ಕಡೆಯಿಂದ ಬರುತ್ತಿದ್ದ ಎಂಜಿನಿಯರೊಬ್ಬರು ಚಹಾದ ಹೊತ್ತಿನಲ್ಲಿ ಹೇಳುತ್ತಿದ್ದರು: ವಿಮಾನದ ಅಪಘಾತವೆಂದರೆ ಯಾವಾಗಲೂ ಆಕಾಶದಿಂದ ಕಲ್ಲಿನಂತೆ ಬೀಳುವುದಲ್ಲ, ಎಷ್ಟೋ ಸಲ ಅದು ಏರುವಾಗಲೋ ಇಳಿಯುವಾಗಲೋ ನೆಲದ ಹತ್ತಿರವೇ ಆಗುತ್ತದೆ, ಎಷ್ಟೋ ಮಂದಿ ನಡೆದೇ ಹೊರಗೆ ಬರುತ್ತಾರೆ, ಬೆಲ್ಟು ಬಿಗಿದುಕೊಂಡವರಿಗೆ, ಬಾಗಿಲು ಎಷ್ಟು ಸೀಟು ದೂರವಿದೆ ಎಂದು ಮೊದಲೇ ಎಣಿಸಿಟ್ಟುಕೊಂಡವರಿಗೆ ಉಳಿಯುವ ಅವಕಾಶ ಹೆಚ್ಚು. ಬಿದ್ದ ವಿಮಾನದ ಒಂದೊಂದು ಚೂರನ್ನೂ ಆಯ್ದು ತಂದು ‘ನೀನು ಯಾಕೆ ಮುರಿದೆ’ ಎಂದು ವಿಚಾರಿಸುತ್ತಾರಂತೆ, ಆ ಉತ್ತರದಿಂದ ಮುಂದಿನ ವಿಮಾನ ಗಟ್ಟಿಯಾಗುತ್ತದಂತೆ. ಇದನ್ನು ಕೇಳಿದ ಮೇಲೆ ನಾನು ಪೀಣ್ಯದ ಬಸ್ಸಿನಲ್ಲಿ ಸೀಟು ಎಣಿಸತೊಡಗಿದೆನೇ ಹೊರತು ವಿಮಾನದ ಟಿಕೆಟ್ಟು ಕೊಳ್ಳುವ ಧೈರ್ಯ ಮಾಡಲಿಲ್ಲ. ಏಕೆಂದರೆ ಆ ಎಂಜಿನಿಯರಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು.

ಅದನ್ನು ಹೇಳುವ ಮುನ್ನ ವೀರಭದ್ರಾಚಾರ್ಯರ ಪರಿಚಯವಾಗಬೇಕು. ಅವರು ನನಗೆ ಕೆಲಸ ಕಲಿಸಿದ ಹಿರಿಯ ತಪಾಸಣೆಗಾರರು, ಕಮ್ಮಾರಸಾಲೆಯಲ್ಲಿ ಹುಟ್ಟಿ ಬೆಳೆದವರು. ನಮ್ಮಲ್ಲಿ ಒಂದು ಪದ್ಧತಿಯಿದೆ: ತಯಾರಾದ ಪ್ರತಿ ತಟ್ಟೆ ಬಕಲ್ಲಿನಿಂದ ಒಂದನ್ನು ಎತ್ತಿ, ಎಳೆಯುವ ಯಂತ್ರಕ್ಕೆ ಸಿಕ್ಕಿಸಿ, ಅದು ಮುರಿಯುವವರೆಗೂ ಎಳೆಯಬೇಕು. ಮುರಿಯುವ ಮೊದಲು ಮುಳ್ಳು ಕೆಂಪು ಗೆರೆ ದಾಟಿದರೆ ತಟ್ಟೆಯಲ್ಲಿ ಉಳಿದವು ಪಾಸು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ದಿನಕ್ಕೆ ಹತ್ತು ಸಲ ಆಚರಣೆಗೆ ತರುತ್ತಿದ್ದೆವು. ಆಚಾರ್ಯರು ಮುಖವನ್ನು ಬೇರೆ ಕಡೆ ತಿರುಗಿಸಿ ತಟ್ಟೆಗೆ ಕೈಹಾಕುತ್ತಿದ್ದರು. ಕೈಗೆ ಬಂದದ್ದು ಯಂತ್ರಕ್ಕೆ. ಆಯುಧಪೂಜೆಯ ದಿನ ಎಲ್ಲರೂ ಯಂತ್ರಗಳಿಗೆ ಕುಂಕುಮವಿಟ್ಟರೆ, ಅವರು ಮುರಿದ ಬಕಲ್ಲುಗಳ ಡಬ್ಬಿಯ ಮುಂದೆ ಕುಳಿತು ಅವುಗಳಿಗೂ ಇಡುತ್ತಿದ್ದರು. “ಇವು ಮುರಿದಿದ್ದಕ್ಕೇ ಮಿಕ್ಕಿದ್ದು ಹಾರೋದು ಕಣಪ್ಪಾ,” ಎನ್ನುತ್ತಿದ್ದರು.

ಈಗ ನನ್ನ ಪಾಪಕ್ಕೆ ಬರೋಣ. ನಾನು ಮುಖ ತಿರುಗಿಸುತ್ತಿರಲಿಲ್ಲ. ಹೊಳಪು ಕೊಟ್ಟು, ಅಂಚು ನಯಮಾಡಿ, ಬೆಳಕಿಗೆ ಹಿಡಿದರೆ ಮುಖ ಕಾಣುವಂತಿದ್ದ ಬಕಲ್ಲನ್ನು ಮುರಿಯಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಹಾಗಾಗಿ ಗೀರು ಬಿದ್ದದ್ದೋ, ಹೊಳಪು ಮಾಸಿದ್ದೋ, ಒಟ್ಟಿನಲ್ಲಿ ನೋಡಲು ಲಕ್ಷಣವಿಲ್ಲದ ಒಂದನ್ನು ಹುಡುಕಿ ಬಲಿ ಕೊಡುತ್ತಿದ್ದೆ. ನಾನು ಬೆಳೆದದ್ದು ಒಳ್ಳೆಯ ಪಾತ್ರೆಯನ್ನು ಅಟ್ಟದ ಮೇಲಿಟ್ಟು, ನೆಗ್ಗಿದ ತಟ್ಟೆಯಲ್ಲಿ ಉಣ್ಣುವ ಮನೆಯಲ್ಲಿ. ವಿಶಾಲುವಿನ ಧಾರೆ ಸೀರೆಯನ್ನು ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿಟ್ಟು, ‘ಯಾವುದಾದರೂ ಒಳ್ಳೇ ಸಂದರ್ಭಕ್ಕೆ ಇರಲಿ’ ಎಂದವನೂ ನಾನೇ. ಕುರೂಪಿಯೇ ಇಷ್ಟು ತಾಳಿದರೆ ಸುರೂಪಿ ತಾಳದೇ ಇರುತ್ತದೆಯೇ ಎಂಬ ತರ್ಕ ನನ್ನನ್ನು ಎಷ್ಟೋ ವರ್ಷ ಸಮಾಧಾನಪಡಿಸಿತು.

ಆಚಾರ್ಯರು ನಿವೃತ್ತರಾಗುವ ವಾರ ನನ್ನ ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ನಾನು ಆರಿಸಿದ್ದ ಗೀರುಮೋರೆಯ ಬಕಲ್ಲನ್ನು ಅವರು ಸುಮ್ಮನೆ ತಟ್ಟೆಗೆ ಹಿಂತಿರುಗಿಸಿ, ಎಲ್ಲಕ್ಕಿಂತ ಚೆಂದವಾಗಿದ್ದುದನ್ನು ಎತ್ತಿ ಯಂತ್ರಕ್ಕೆ ಹಾಕಿದರು. ಮುಳ್ಳು ಏರಿತು, ಕೆಂಪು ಗೆರೆಯನ್ನು ಮುಟ್ಟಿತು, ಕೂದಲೆಳೆಯಷ್ಟು ದಾಟಿತು. ಆಗಲೇ ಬಕಲ್ಲು ಮುರಿಯಿತು. ಹೊಳಪಿಗಾಗಿ ಉಜ್ಜಿ ಉಜ್ಜಿ ಅದರ ಕೊಕ್ಕೆಯನ್ನು ತೆಳ್ಳಗೆ ಮಾಡಿದ್ದರು. “ಇದು ಪಾಸು. ನೀನು ಪಾಸಾಗ್ಲಿಲ್ಲ,” ಎಂದರು ಆಚಾರ್ಯರು. ಮುರಿದ ಚೂರುಗಳನ್ನು ಡಬ್ಬಿಗೆ ಹಾಕುತ್ತಾ ಮೃದುವಾಗಿ, “ಚೆನ್ನಾಗಿರೋದನ್ನೂ ಎಳೀಬೇಕು ಕಣಪ್ಪಾ. ಜನ ನಂಬೋದು ಅದನ್ನೇ ಅಲ್ವಾ,” ಎಂದರು. ಅಂದಿನಿಂದ ನಾನೂ ಮುಖ ತಿರುಗಿಸಿಯೇ ಕೈಹಾಕುತ್ತಿದ್ದೇನೆ. ಆದರೆ ಅದಕ್ಕೆ ಹಿಂದಿನ ನನ್ನ ಹದಿನೇಳುಗಳು ಆಗಲೇ ಆಕಾಶ ಸೇರಿದ್ದವು, ಅವುಗಳಲ್ಲಿ ಚೆಂದದ್ದನ್ನು ಯಾರೂ ಎಳೆದು ನೋಡಿರಲಿಲ್ಲ.

ಇಷ್ಟೆಲ್ಲ ಆಗಿ ಎರಡು ವರ್ಷವಾದ ಮೇಲೆ, ದಿಲ್ಲಿಯಲ್ಲಿದ್ದ ವಿಶಾಲುವಿನ ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಮೂರು ತಿಂಗಳು ಹಾಸಿಗೆ, ಆರೈಕೆಗೆ ವಿಶಾಲುವೇ ಹೋಗಬೇಕು. ರೈಲಿಗೆ ಕಾಯಲು ಸಮಯವಿಲ್ಲವೆಂದು ಭಾವನವರು ವಿಮಾನದ ಟಿಕೆಟ್ಟನ್ನೇ ಕಳಿಸಿಕೊಟ್ಟರು, ಒಬ್ಬಳಿಗೆ. ಹೊರಡುವ ಬೆಳಿಗ್ಗೆ ವಿಶಾಲು ಟ್ರಂಕು ತೆರೆದು ಧಾರೆ ಸೀರೆಯನ್ನು ಹೊರತೆಗೆದಳು. ನಾನು ಬಾಯಿ ತೆರೆಯುವ ಮೊದಲೇ, “ಇನ್ನು ಯಾವಾಗ ಉಡೋದು ರೀ?” ಎಂದಳು. ನಾನು ಬಾಯಿ ಮುಚ್ಚಿ, ಅವಳ ಹಸಿರು ಸೀರೆಯೊಂದನ್ನು ಒಯ್ದು ತಾರಸಿಯ ಹಗ್ಗಕ್ಕೆ ಅಗಲವಾಗಿ ಹರವಿದೆ, ಮೇಲಿನಿಂದ ಕಾಣಲಿ ಎಂದು. ಸಂಜೆಯವರೆಗೆ ತೆಗೆಯಬೇಡಿ ಎಂದು ಚಿಕ್ಕಮುನಿಯಪ್ಪನವರಿಗೆ ಹೇಳಿ ಹೊರಟೆ.

ಊರಿನ ಇನ್ನೊಂದು ತುದಿಯ ವಿಮಾನ ನಿಲ್ದಾಣದಲ್ಲಿ ಹೇಳಬೇಕಾದದ್ದನ್ನು ಹೇಳಲಾರದೆ, “ಕೂತ ಕೂಡಲೇ ಬೆಲ್ಟ್ ಹಾಕ್ಕೊ. ಬಾಗಿಲು ಎಷ್ಟು ಸೀಟು ಆಚೆಗಿದೆ ಎಣಿಸ್ಕೊ,” ಎಂದು ಮೂರು ಸಲ ಹೇಳಿದೆ. “ಬಕಲ್ ಹಿಂದೆ ನಿಮ್ಮ ನಂಬರ್ ಇದೆಯಾ ನೋಡ್ತೀನಿ,” ಎಂದು ಅವಳು ನಕ್ಕಳು. ನುಸಿಗುಳಿಗೆಯ ವಾಸನೆಯ ಆ ರೇಷ್ಮೆ ಸೀರೆ ಮೆಟ್ಟಿಲು ಹತ್ತಿ ಮರೆಯಾಯಿತು. ಇತರರೆಲ್ಲ ಕೈಬೀಸುತ್ತಿದ್ದ ಬೇಲಿಯ ಬಳಿ ನಾನು ತಂತಿಯನ್ನು ಹಿಡಿದು ನಿಂತು, ದೇವರೇ, ಅವಳ ಸೊಂಟಕ್ಕೆ ಹದಿನೇಳು ಬಾರದಿರಲಿ ಎಂದು ಬೇಡಿಕೊಂಡೆ. ತನ್ನ ಕೈಕೆಲಸ ತನ್ನ ಹೆಂಡತಿಯನ್ನು ಮುಟ್ಟದಿರಲಿ ಎಂದು ಬೇಡುವುದಕ್ಕಿಂತ ದೊಡ್ಡ ನಾಚಿಕೆ ನನ್ನ ಬದುಕಿನಲ್ಲಿ ಇನ್ನಾವುದೂ ಇಲ್ಲ.

ಮರುದಿನ ಕ್ಷೇಮವಾಗಿ ತಲುಪಿದೆನೆಂದು ಅವಳ ತಂತಿ ಬಂತು. ನನ್ನ ಮುಖ ನೋಡಿ ಚಿಕ್ಕಮುನಿಯಪ್ಪನವರು, “ಕಾಗೆ ಕೂರ್ದಂಗೆ ಕಾದಿವ್ನಿ ಸಾಮಿ ಸೀರೇನ. ಕಾಣ್ಸಿರ್ತದೆ ಬುಡಿ,” ಎಂದರು. ಆಮೇಲಿನ ದಿನಗಳಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದುದು ನನ್ನ ಎರಡು ಅಂಗಿಗಳು ಮಾತ್ರ. ವಿಮಾನದ ಸದ್ದು ಬಂದರೆ ಈಗ ನಾನು ಆ ಅಂಗಿಗಳನ್ನು ಎದೆಗವಚಿಕೊಂಡು ನಿಲ್ಲುತ್ತಿದ್ದೆ, ಅದು ಚುಕ್ಕೆಯಾದ ಮೇಲೂ ನಿಲ್ಲುತ್ತಿದ್ದೆ. ಹನ್ನೊಂದು ವರ್ಷ ಅವಳು ನೋಡುತ್ತಿದ್ದುದು ವಿಮಾನವನ್ನಲ್ಲ, ನನ್ನ ಮಾತು ನಡೆಯುವ ದಿನವನ್ನು ಎಂಬುದು ನನಗೆ ತಿಳಿದದ್ದು ಅವಳಿಲ್ಲದ ಆ ತಾರಸಿಯಲ್ಲಿ.

ಹತ್ತನೆಯ ದಿನ ಪತ್ರ ಬಂತು. “ನೀವು ಹರವಿದ ಸೀರೆ ಕಾಣಲಿಲ್ಲ ರೀ, ಊರೇ ಕಾಣಲಿಲ್ಲ, ಬರೀ ಮೋಡ. ಆದರೂ ಹುಡುಕಿದೆ. ಬಕಲ್ ತಿರುಗಿಸಿ ನೋಡಿದೆ. ಹದಿನೇಳು ಇರಲಿಲ್ಲ, ಅರವತ್ತೆರಡು ಅಂತಿತ್ತು. ಮೊದಲು ಬೇಜಾರಾಯಿತು. ಆಮೇಲೆ, ಈ ಅರವತ್ತೆರಡೂ ಯಾರದೋ ಮನೆಯವರು ತಾನೆ, ನಿಮ್ಮ ಹಾಗೇ ಮನಸ್ಸಿಟ್ಟು ಕೆಲಸ ಮಾಡಿರುತ್ತಾರೆ ಅಂತ ಧೈರ್ಯವಾಗಿ ಕೂತೆ.”

‘ನಿಮ್ಮ ಹಾಗೇ’ ಎಂಬ ಎರಡು ಪದಗಳನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ವಿಮಾನ ಸುರಕ್ಷಿತವೇ ಎಂದು ಯಾರಾದರೂ ಕೇಳಿದರೆ ಈಗ ನನ್ನ ಬಳಿ ಇರುವ ಉತ್ತರ ಇಷ್ಟೆ: ಎಲ್ಲಿಯೋ ಒಂದು ಶೆಡ್ಡಿನಲ್ಲಿ, ನಮ್ಮನ್ನು ಎಂದೂ ನೋಡಿರದ ಅರವತ್ತೆರಡನೆಯವನೊಬ್ಬ ಚೆಂದದ್ದರ ಮೇಲೆ ಕರುಣೆ ತೋರದೆ ಇದ್ದಷ್ಟು ಸುರಕ್ಷಿತ. ಆ ರಾತ್ರಿಯೇ ಕುಳಿತು, ಹನ್ನೊಂದು ವರ್ಷದಲ್ಲಿ ಹೇಳದಿದ್ದುದನ್ನೆಲ್ಲ ಬರೆದೆ, ಗೀರು ಬಿದ್ದ ಬಕಲ್ಲುಗಳಿಂದ ಹಿಡಿದು ಬೇಲಿಯ ಬಳಿಯ ಬೇಡಿಕೆಯವರೆಗೆ. ಕರೆತರಲು ನಾನೇ ಬರುತ್ತೇನೆ, ಬರುವಾಗ ಇಬ್ಬರೂ ವಿಮಾನದಲ್ಲಿ ಬರೋಣ, ಕಿಟಕಿಯ ಸೀಟು ನಿನಗೆ ಎಂದೂ ಬರೆದೆ.

ನಿನ್ನೆ ಉತ್ತರ ಬಂತು. ಬಕಲ್ಲಿನ ಪಾಪದ ಬಗ್ಗೆ ಅವಳು ಬರೆದದ್ದು ಒಂದೇ ವಾಕ್ಯ: “ನೆಗ್ಗಿದ ತಟ್ಟೆ ನೀವಿಟ್ಟುಕೊಂಡು ನನಗೆ ಒಳ್ಳೇದರಲ್ಲಿ ಬಡಿಸಿದವರು ನೀವು, ನನಗೆ ಗೊತ್ತಿಲ್ಲವಾ.” ಅದರ ಕೆಳಗೆ, “ಕಿಟಕಿ ಸೀಟು ನಿಮಗೇ, ನಾನು ನೋಡಿಯಾಯಿತು. ನಿಮ್ಮ ಬೆಲ್ಟು ನಾನೇ ಹಾಕುತ್ತೇನೆ. ಎಳೆದು ನೋಡಬಾರದು.”

ಅದಕ್ಕೇ ಈಗ ಅಭ್ಯಾಸ ನಡೆಸಿದ್ದೇನೆ. ಇಂದು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವರ ಚೀಲ ನನ್ನ ತೊಡೆಯ ಮೇಲಿತ್ತು, ಕೊಂಡಿ ಬಿಚ್ಚಿಕೊಂಡಿತ್ತು. ಹಾಕಿದೆ. ‘ಟಕ್’ ಎಂದಿತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಪೀಣ್ಯ ಬರುವವರೆಗೂ ಸುಮ್ಮನೆ ಕುಳಿತೆ.