ಮುನಿಸಿಕೊಂಡ ಚುಕ್ಕಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪರದೆಯಕ್ಕ ಅಂತಲೇ ಕರೆಯುತ್ತಿದ್ದರು. ಎಕ್ಸ್‌ರೇ ವಿಭಾಗದ ಒಂಬತ್ತು ಮಾನಿಟರುಗಳ ಯೋಗಕ್ಷೇಮ ಅವಳದು. ಬೆಳಿಗ್ಗೆ ಬಂದವಳೇ ಕಿಟಕಿ ಮುಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒಂದೊಂದರ ಮುಖ ಒರೆಸಿ, ಬೆಳಕು ಅಳೆಯುವ ಪುಟ್ಟ ಯಂತ್ರವನ್ನು ಗಾಜಿಗೆ ಆನಿಸುವಳು. ಕಪ್ಪು ಕಪ್ಪಾಗಿಯೇ ಇದೆಯೇ, ಬೂದುಬಣ್ಣದ ಪಟ್ಟಿಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ, ಎಲ್ಲ ನೋಡಬೇಕು. “ಮನೆ ಟೀವೀಲಿ ಚೆಂದ ಕಂಡ್ರೆ ಸಾಕು, ಇವುಗಳಲ್ಲಿ ನಿಜ ಕಾಣಬೇಕು” ಅನ್ನುವಳು. ಆ ಕತ್ತಲೆ ಕೋಣೆಯೆಂದರೆ ಅವಳಿಗೆ ಪಂಚಪ್ರಾಣ. ಕೆಲಸದಲ್ಲಿ ಎತ್ತಿದ ಕೈ, ಒಪ್ಪೋಣ. ಆದರೆ ಗಂಟಲು? ಅಬ್ಬಬ್ಬಾ! ಗುಟ್ಟು ಹೇಳಿದರೂ ಮೂರನೇ ಮಹಡಿಗೆ ಕೇಳಿಸಬೇಕು.

ಅವತ್ತು ಎರಡನೇ ಕೋಣೆಯ ಪರದೆಯಲ್ಲಿ ಒಂದು ಚುಕ್ಕಿ ಬೆಳಕು ಕಳೆದುಕೊಂಡಿತ್ತು. ಇಂಥದ್ದಕ್ಕೆ ಈ ಕಸುಬಿನವರು ಸತ್ತ ಪಿಕ್ಸೆಲ್ ಅನ್ನುತ್ತಾರೆ. ಪರದೆಯಕ್ಕ ಅರೆತೆರೆದ ಬಾಗಿಲಲ್ಲಿ ನಿಂತು ಸ್ಟೋರಿನವನಿಗೆ ಫೋನಿನಲ್ಲಿ ಒದರಿದಳು:

“ಎರಡನೇ ರೂಮಲ್ಲಿ ಒಂದು ಸತ್ತೋಗಿದೆ ಕಣಪ್ಪಾ! ಪಕ್ಕದ್ದೂ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಬೇಗ ಎತ್ತಿಸೋ ಏರ್ಪಾಡು ಮಾಡು!”

ಹೊರಗಿನ ಬೆಂಚಿನಲ್ಲಿ ವಯಸ್ಸಾದ ದರ್ಜಿಯೊಬ್ಬರು ಕೂತಿದ್ದರು. ಅವರ ಹೆಂಡತಿ ಆಗಷ್ಟೇ ಆ ಎರಡನೇ ಕೋಣೆಯ ಒಳಗೆ ಹೋಗಿದ್ದರು. ದರ್ಜಿ ದಡಬಡಿಸಿ ಎದ್ದು ನಿಂತರು.

“ಅಯ್ಯಯ್ಯೋ, ಬರೀ ಭುಜ ನೋವು ಅಂತ ತಾನೇ ಬಂದಿದ್ದು!”

ಅವರ ಗೋಳು ಕೇಳಿ ದೊಡ್ಡ ಡಾಕ್ಟರಮ್ಮ ಓಡಿಬಂದರು. ವಿಷಯ ತಿಳಿದದ್ದೇ ತಡ, ಕೆಂಡವಾದರು. “ಎಷ್ಟು ಸಲ ಹೇಳಿದೀನಿ ನಿನಗೆ? ಈ ಸತ್ತಿತು, ಸಾಯ್ತಿದೆ ಅನ್ನೋ ಮಾತಿಗೆ ಬದಲು ಇವತ್ತೇ ಬೇರೆ ಹೆಸರು ಹುಡುಕು. ಇಲ್ಲಾಂದ್ರೆ ನಾಳೆಯಿಂದ ಮೇಲಿನ ಆಫೀಸಿನ ಕಂಪ್ಯೂಟರು ಒರೆಸ್ಕೊಂಡಿರು!”

ಪರದೆಯಕ್ಕ ಮೊದಲು ದರ್ಜಿಯ ಕೈ ಹಿಡಿದು ಒಳಗೆ ಕರೆತಂದಳು. ಪರದೆಯ ಮೇಲೆ ಅವರ ಹೆಂಡತಿಯ ಭುಜದ ಚಿತ್ರ ಬಂದಿತ್ತು. ಬಿಳಿ ಮೂಳೆಯ ನಟ್ಟನಡುವೆ ಕರಿ ಚುಕ್ಕಿ.

“ಮೂಳೇಲಿ ತೂತು ಬಿದ್ದಿದೆಯಲ್ಲಮ್ಮಾ!” ದರ್ಜಿ ಪರದೆಯತ್ತ ಬೆರಳು ಚಾಚಿದರು.

“ಸ್ವಲ್ಪ ತಡೀರಿ ಯಜಮಾನ್ರೇ.” ಪರದೆಯಕ್ಕ ಚಿತ್ರವನ್ನು ಪಕ್ಕಕ್ಕೆ ಎಳೆದಳು. ಮೂಳೆ ಸರಿಯಿತು, ಚುಕ್ಕಿ ಇದ್ದಲ್ಲೇ ಇತ್ತು. “ನೋಡಿದ್ರಾ? ಭುಜ ನಿಮ್ಮೋರದು, ಚುಕ್ಕಿ ನಮ್ಮದು.”

ದರ್ಜಿ ಕಣ್ಣೊರೆಸಿಕೊಂಡು ತಾವೇ ಒಮ್ಮೆ ಎಳೆದು ನೋಡಿದರು. ಆಮೇಲೆ ಇನ್ನೊಮ್ಮೆ. ನಗು ಬಂತು.

“ಇದು ಸತ್ತಿಲ್ಲ ತಾಯೀ, ಮುನಿಸ್ಕೊಂಡಿದೆ. ನಮ್ಮವಳೂ ಹೀಗೇ. ಸುತ್ತ ಮನೆಯೆಲ್ಲ ಓಡಾಡಲಿ, ಇವಳು ಮಾತ್ರ ಮುಖ ಕಪ್ಪು ಮಾಡ್ಕೊಂಡು ಕೂತಲ್ಲಿಂದ ಅಲ್ಲಾಡಲ್ಲ.”

“ಯಾರ ಮುಖ?” ಭುಜ ಹಿಡಿದುಕೊಂಡು ಹೆಂಡತಿ ಎಕ್ಸ್‌ರೇ ತೆಗೆಯುವ ಒಳಕೋಣೆಯ ಬಾಗಿಲಿನಿಂದ ಬಂದರು. “ಅಲ್ಲ, ಅಳ್ತಿದ್ರಾ ನೀವು?”

“ಇಲ್ಲಪ್ಪ, ಕಣ್ಣಿಗೆ ಧೂಳು” ಎನ್ನುತ್ತಾ ದರ್ಜಿ ಆಕೆಯ ಚೀಲ ಎತ್ತಿಕೊಂಡರು.

ಹಿಂದೆಯೇ ಬಂದಿದ್ದ ಡಾಕ್ಟರಮ್ಮ ಗೋಡೆಗೆ ತೂಗುಹಾಕಿದ್ದ ರಿಪೇರಿ ಪುಸ್ತಕ ತೆಗೆದು, ಪರದೆಯಕ್ಕ ಬರೆದಿದ್ದ ‘ಸತ್ತಿದೆ’ ಎಂಬುದನ್ನು ಹೊಡೆದುಹಾಕಿ, ‘ಮುನಿಸಿಕೊಂಡಿದೆ’ ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು.

“ನೀನು ಇಲ್ಲೇ ಇರು. ಆದ್ರೆ ಬಾಗಿಲು ಹಾಕ್ಕೊಂಡು ಮಾತಾಡು ಮಾರಾಯ್ತಿ.”

“ಆಗಲಿ ಡಾಕ್ಟರಮ್ಮಾ!” ಎಂದಳು ಪರದೆಯಕ್ಕ. ಮೂರನೇ ಮಹಡಿಯಲ್ಲಿ ಯಾರೋ ಕಿಟಕಿ ತೆಗೆದು ಕೆಳಗೆ ಇಣುಕಿದರು.