ವಿಷ ಕುಡಿಯುವ ಪಾತ್ರ

೧೯೭೯ರಲ್ಲಿ ನಾನು ಮೂಡಬಿದ್ರಿಯ ಒಂದು ಪುಟ್ಟ ನರ್ಸಿಂಗ್ ಹೋಮ್‌ನಲ್ಲಿ ವಾರ್ಡ್ ಸಿಸ್ಟರ್ ಆಗಿದ್ದೆ. ಆ ಮಳೆಗಾಲದಲ್ಲಿ ಬೆಳ್ತಂಗಡಿಯ ಪದ್ಮರಾಜರು ಅಡ್ಮಿಟ್ ಆದರು. ಪತ್ತೇದಾರಿ ಕಾದಂಬರಿಕಾರರು, ಕಾನ್ವೆಂಟಿನಲ್ಲಿ ಮದರ್ ಕಣ್ಣು ತಪ್ಪಿಸಿ ನಾವು ಅವರ ಪುಸ್ತಕ ಓದುತ್ತಿದ್ದೆವು. ಅವರದೊಂದು ಕಾದಂಬರಿ ಸಿನಿಮಾ ಆದಾಗ ವಿಷದ ಹಾಲು ಕುಡಿದು ಸಾಯುವ ಜಮೀನ್ದಾರನ ಪಾರ್ಟು ಮಾಡಿದ್ದು ಅವರೇ. ಬಂಟ್ವಾಳದ ಟಾಕೀಸಿನಲ್ಲಿ ಆ ಸೀನ್‌ನ ಅವರ ಆಕ್ಟಿಂಗಿಗೆ ಜನ ಬಿದ್ದು ಬಿದ್ದು ನಕ್ಕಿದ್ದರು. ಪೂರ್ ಮ್ಯಾನ್!

ವಾಂತಿಯೆಂದು ಅವರು ಬಂದದ್ದು ಅದು ಎರಡನೇ ಸಲ. ಬೇಸಿನ್ ತೆಗೆಯುವಾಗ ನೋಡಿದೆ: ನೀಲಿ ಮಿಶ್ರಿತ ಹಸಿರು. ಪಿತ್ತದ ಬಣ್ಣ ಹಾಗಿರುವುದಿಲ್ಲ. ಡಾಕ್ಟರಿಗೆ ತೋರಿಸಿದೆ. “ಮೆಡಿಕೋ-ಲೀಗಲ್ ಕೇಸ್ ಸಿಸ್ಟರ್,” ಎಂದರು. ಅಂದರೆ ವಿಷದ ಸಂಶಯ, ಪೊಲೀಸರಿಗೆ ತಿಳಿಸಲೇಬೇಕಾದದ್ದು.

ಕಾರಿಡಾರಿನಲ್ಲಿ ಹೆಂಡತಿ ಸುಮತಿ ಗಂಜಿಯ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದರು. ಪದ್ಮರಾಜರ ಅಣ್ಣ ಬಾಗಿಲಿಗೆ ಅಡ್ಡ.

“ಇವಳ ಗಂಜಿ ಒಳಗೆ ಬಿಡ್ಬೇಡಿ ಸಿಸ್ಟರ್. ಹೋದ ಸರ್ತಿಯೂ ಇವಳು ಬಡಿಸಿದ ಮೇಲೆಯೇ ವಾಂತಿ.”

ಸುಮತಿ ಅಳಲಿಲ್ಲ. ಅದರಿಂದಲೇ ನನಗೂ ಸಂಶಯ ಬಲವಾಯಿತು. ಆಕೆ ಅಲ್ಲೇ ಬೆಂಚಿನಲ್ಲಿ ಕೂತು, ಕ್ಯಾರಿಯರ್ ಬಿಚ್ಚಿ, ಅರ್ಧ ಗಂಜಿ ಉಂಡರು.

“ಸಾಕಾ ಭಾವ? ಉಳಿದದ್ದು ನಿಮಗೆ ಬೇಕಾ?”

“ನಾಟಕ ಮಾಡ್ಬೇಡ ಮಾರಾಯ್ತಿ!”

ಡಾಕ್ಟರ್ ಫೋನಿನತ್ತ ನಡೆದರು. ನಾನು ವಾರ್ಡಿನ ಬಾಗಿಲು ಮುಚ್ಚಿ ರೋಗಿಯ ಬಳಿ ಕೂತೆ.

“ನಿಜ ಹೇಳಿ, ಏನು ತಿಂದ್ರಿ? ಡಾಕ್ಟ್ರು ಸ್ಟೇಷನ್‌ಗೆ ಫೋನ್ ಮಾಡ್ತಾ ಇದ್ದಾರೆ. ನಿಮ್ಮಣ್ಣ ಸುಮತಿಯ ಹೆಸರು ಹೇಳಿ ಆಯ್ತು.”

ಅವರ ಕಣ್ಣು ಹೊಳೆಯಿತು. “ಹೌದಾ? ಮೊದಲ ಸಂಶಯ ಹೆಂಡತಿ ಮೇಲೆಯೇ ಸಿಸ್ಟರ್, ನಾನೂ ಹಾಗೆಯೇ ಬರೆಯುವುದು!” ಮರುಕ್ಷಣ ಡ್ರಿಪ್ ಸಮೇತ ಎದ್ದು ಕೂತರು. “ಅಯ್ಯೋ, ಅವಳದ್ದೇನೂ ಇಲ್ಲ! ತೋಟಕ್ಕೆ ಹೊಡೆಯುವ ನೀಲಿ ಮೈಲುತುತ್ತು ಉಂಟಲ್ಲ, ಎರಡು ಸಲವೂ ನಾನೇ ಚೂರು ಬಾಯಿಗೆ ಹಾಕಿದ್ದು.”

“ಯಾಕೆ?”

“ಹೊಸ ಪಿಕ್ಚರಿನಲ್ಲಿಯೂ ವಿಷ ಕುಡಿಯುವ ಪಾರ್ಟು. ರುಚಿ ಗೊತ್ತಿಲ್ಲದೆ ಮುಖ ಹೇಗೆ ಮಾಡುವುದು? ಕನ್ನಡಿ ಎದುರು ನಿಂತು ನೋಡಿದೆ. ಜನ ಇನ್ನೊಮ್ಮೆ ನಗಬಾರದು.”

ನಾನು ಓಡಿಹೋಗಿ ಡಾಕ್ಟರ ಕೈಯಲ್ಲಿದ್ದ ರಿಸೀವರ್ ಹಿಡಿದು ತಡೆದೆ. ಅವರು ಬಂದು ರೋಗಿಯ ಬಾಯಿಂದಲೇ ಎಲ್ಲ ಕೇಳಿಕೊಂಡರು; ರಿಪೋರ್ಟಿನಲ್ಲಿ ಸುಮತಿಯ ಹೆಸರು ಬರಲಿಲ್ಲ. ಅಂದಿನಿಂದ ನಿವೃತ್ತಿಯವರೆಗೂ ಮನೆಯವರ ಮಾತಿಗೆ ಕಿವಿ ಕೊಡುವ ಮೊದಲು ಬಾಗಿಲು ಮುಚ್ಚಿ ರೋಗಿಯೊಬ್ಬರನ್ನೇ ಕೇಳುವುದು ನನ್ನ ಹಿಸ್ಟರಿ-ಟೇಕಿಂಗಿನ, ಅಂದರೆ ರೋಗದ ಹಿನ್ನೆಲೆ ಕೇಳುವ ಕೆಲಸದ, ಮೊದಲ ಪಾಠವಾಯಿತು.

ಮರುವರ್ಷ ಆ ಪಿಕ್ಚರ್ ಬಂಟ್ವಾಳಕ್ಕೆ ಬಂದಾಗ ಸುಮತಿ ನನ್ನನ್ನೂ ಕರೆದುಕೊಂಡು ಹೋದರು. ಪರದೆಯ ಮೇಲೆ ಪದ್ಮರಾಜರು ಲೋಟ ಎತ್ತಿ ಕುಡಿದರು, ಮುಖ ಹಿಂಡಿದಂತಾಯಿತು. ಟಾಕೀಸ್ ಗಪ್‌ಚಿಪ್.

“ಆ ಲೋಟದ ಹಾಗಲಕಾಯಿ ಕಷಾಯ ಶೂಟಿಂಗ್‌ಗೆ ನಾನೇ ಮಾಡಿಕೊಟ್ಟದ್ದು ಸಿಸ್ಟರ್,” ಎಂದರು ಸುಮತಿ, ಮುಂದಿನ ಸಾಲಿನಲ್ಲಿದ್ದ ಭಾವನಿಗೂ ಕೇಳುವಷ್ಟು ಜೋರಾಗಿ.